ರೂಟ್ ಸಿಗುವ ಮೊದಲೇ ಕಿಲೋಮೀಟರ್ ಹೇಳುವುದು

ಶಿವಮೊಗ್ಗದ ಗೋಡೌನ್ ಒಂದರಿಂದ ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಮಾಲು ಕಳಿಸುವ ಪ್ಲಾನಿಂಗ್ ನನ್ನ ಕೆಲಸ. ಎಲ್ಲಾ ಅಂಗಡಿಗೂ ಹೋಗಿ ವಾಪಸ್ ಬರಲು ಅತಿ ಚಿಕ್ಕ ದಾರಿ ಯಾವುದು? ಇದೇ ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಮ್. ಬೆಳಿಗ್ಗೆ ಲೋಡ್ ಆಗುವ ಹೊತ್ತಿಗೆ ಅದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಆದರೆ ಮುಂದಿನ ತಿಂಗಳ ಬಾಡಿಗೆ ರೇಟು ಹೇಳುವಾಗ ಅಂಗಡಿಗಳ ಪಟ್ಟಿಯೇ ಕೈಯಲ್ಲಿ ಇರುವುದಿಲ್ಲ. ಆಗ ಉದ್ದವನ್ನು ಅಂದಾಜು ಮಾಡಲೇಬೇಕು.

ಇದಕ್ಕೆ 1959ರಲ್ಲೇ ಬಿಯರ್ಡ್‌ವುಡ್, ಹಾಲ್ಟನ್, ಹ್ಯಾಮರ್ಸ್ಲಿ ಎಂಬ ಗಣಿತಜ್ಞರು ಒಂದು ಸೂತ್ರಕ್ಕೆ ಬುನಾದಿ ಹಾಕಿದರು. ಅಂಗಡಿಗಳ ಸಂಖ್ಯೆಯನ್ನು ಪ್ರದೇಶದ ವಿಸ್ತೀರ್ಣದಿಂದ ಗುಣಿಸಿ, ವರ್ಗಮೂಲ ತೆಗೆದು, ಮತ್ತೆ ಸುಮಾರು 0.71ರಿಂದ ಗುಣಿಸಿ. 100 ಚದರ ಕಿ.ಮೀ.ಯಲ್ಲಿ 36 ಅಂಗಡಿ ಚದುರಿದ್ದರೆ ಸುಮಾರು 43 ಕಿ.ಮೀ. ಅಂಗಡಿ 72 ಆದರೆ ಡೀಸೆಲ್ ದುಪ್ಪಟ್ಟಾಗುತ್ತದೆ ಅಂತ ಮಾಲೀಕರು ಹೆದರುತ್ತಾರೆ. ದಾರಿ ಆಗುವುದು ಸುಮಾರು 60 ಕಿ.ಮೀ. ಮಾತ್ರ. ಇದು ನೇರ ಗೆರೆಯ ಲೆಕ್ಕ, ರಸ್ತೆಯ ಸುತ್ತುಬಳಸಿಗೆ ಇನ್ನಷ್ಟು ಸೇರಿಸಬೇಕು. ಎಷ್ಟು ಅಂತ ಹಳೇ ಟ್ರಿಪ್ ಶೀಟ್‌ಗಳ ಮೀಟರ್ ರೀಡಿಂಗ್ ನೋಡಿದರೆ ಗೊತ್ತಾಗುತ್ತದೆ. ಅಂಗಡಿ ತೀರಾ ಕಡಿಮೆ ಇದ್ದರೆ ಸೂತ್ರ ಕಡಿಮೆ ತೋರಿಸುತ್ತದೆ, ಅದೂ ನೆನಪಿರಲಿ.

ಶಿಕಾರಿಪುರದ ಬಯಲಿಗೆ ಇಷ್ಟು ಸಾಕು. ತೀರ್ಥಹಳ್ಳಿ ಕಡೆ ಹೊರಟರೆ ನಾನು ಈ ಸೂತ್ರ ಮುಟ್ಟುವುದೇ ಇಲ್ಲ. ಅಲ್ಲಿ ರಸ್ತೆಗಳು ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತವೆ. ಎಷ್ಟೋ ಒಳದಾರಿಗಳು ಅಡಿಕೆ ತೋಟದ ಹತ್ತಿರ ನಿಂತೇ ಹೋಗುತ್ತವೆ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹಾಗಾಗಿ ಲೆಕ್ಕ ಇನ್ನೂ ಸುಲಭ: ಗಾಡಿ ಹೋಗುವ ರಸ್ತೆಗಳ ಉದ್ದವನ್ನೆಲ್ಲ ಕೂಡಿಸಿ, ಎರಡರಿಂದ ಗುಣಿಸಿ.

ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 30 ಕಿ.ಮೀ. ಆಗುಂಬೆಯಲ್ಲಿ ಒಂದೇ ಅಂಗಡಿ ಇದ್ದರೂ 60, ದಾರಿಯುದ್ದಕ್ಕೂ ಇಪ್ಪತ್ತು ಅಂಗಡಿ ಇದ್ದರೂ 60. ಹೊತ್ತು ಜಾಸ್ತಿ ಹಿಡಿಯುತ್ತದೆ, ಡೀಸೆಲ್ ಅಷ್ಟೇನೂ ಏರುವುದಿಲ್ಲ. ಆದರೆ ಈ ದಾರಿಯಲ್ಲೇ ಸಿಗುವ ಮೇಗರವಳ್ಳಿಯಿಂದ 4 ಕಿ.ಮೀ. ಒಳಗಿನ ಒಂದು ಅಂಗಡಿ ಹೊಸದಾಗಿ ಸೇರಿತು ಅಂತಿಟ್ಟುಕೊಳ್ಳಿ. 8 ಕಿ.ಮೀ. ಪೂರ್ತಿ ಅದೊಂದಕ್ಕೇ. ಎಲ್ಲರಿಗೂ ಒಂದೇ ರೇಟು ಹಾಕಿದರೆ ಆ ಖರ್ಚನ್ನು ರಸ್ತೆ ಬದಿಯ ಅಂಗಡಿಯವರು ಹೊರುತ್ತಾರೆ. ಇದು ನ್ಯಾಯ ಅಲ್ಲ ಅಲ್ವಾ? ಹಾಗಂತ ಒಳಗಿನವರನ್ನು ಕೈಬಿಡುವುದೂ ತಪ್ಪು. ಅವರ ಹತ್ತಿರ ಮಾತಾಡಿ, ವಾರಕ್ಕೆರಡು ಸಲದ ಮಾಲನ್ನು ಒಂದೇ ಸಲ ಇಳಿಸಿದರೆ ಇಬ್ಬರಿಗೂ ಹೊಂದುತ್ತದೆ.

ಇನ್ನು ಎರಡನೇ ಗಾಡಿಯ ಮಾತು. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಸುಮಾರು 60 ಕಿ.ಮೀ. ಹೋಗಿ ಬರಲು 120. ಆ ಕಡೆ ಹೋಗುವ ಪ್ರತಿ ಗಾಡಿಗೂ ಇದು ತಪ್ಪಿದ್ದಲ್ಲ, ಅಂಗಡಿ ಅಂಗಡಿ ಸುತ್ತುವುದು ಬೇರೆ. ಅದಕ್ಕೇ ನಾಲ್ಕೈದು ಬಾಕ್ಸ್ ಹಿಡಿಸಲಿಲ್ಲ ಅಂತ ಸುಮ್ನೆ ಇನ್ನೊಂದು ಗಾಡಿ ತೆಗೆಯಲು ನಾನು ಒಪ್ಪುವುದಿಲ್ಲ. ಮೊದಲು ಅಂಗಡಿಯವರಿಗೆ ಫೋನ್ ಮಾಡುತ್ತೇನೆ. ಸೋಪು, ಉಪ್ಪು ಮುಂದಿನ ಟ್ರಿಪ್‌ಗೆ ಬಂದರೂ ಸಾಕು ಅನ್ನುತ್ತಾರೆ. ಬ್ರೆಡ್ಡು, ಬನ್ನು ಮಾತ್ರ ಅವತ್ತೇ ಹೋಗಬೇಕು.