ಸವೆಯದೆಯೂ ಇಳಿಯುವ ಬೆಲೆ

ವರ್ಷದ ಕೊನೆಗೆ ಆಸ್ತಿ ಪಟ್ಟಿ ತೆರೆದು ಸವಕಳಿ, ಅಂದರೆ ವಸ್ತು ಹಳತಾದಂತೆ ಇಳಿಯುವ ಬೆಲೆ, ಕಳೆಯುತ್ತಾ ಕೂರುವುದು ನನ್ನ ಹೊಟ್ಟೆಪಾಡು. ಪ್ರತಿ ವರ್ಷ ಉಳಿದ ಬೆಲೆಯ ಮೇಲಷ್ಟೇ ದರ ಹಾಕುವ ಇಳಿಕೆ ಮೌಲ್ಯದ ಪದ್ಧತಿಯಲ್ಲಿ ನೂರರ ವಸ್ತುವಿಗೆ ಶೇ. 40 ದರ ಹಾಕಿದರೆ ಮೊದಲ ವರ್ಷ 60 ಉಳಿಯುತ್ತದೆ, ಆಮೇಲೆ 36, ಆಮೇಲೆ 21.6. ಎಷ್ಟು ವರ್ಷ ಎಳೆದರೂ ಸೊನ್ನೆ ಮುಟ್ಟುವುದಿಲ್ಲ. ಮೂಲೆಯಲ್ಲಿ ಧೂಳು ತಿನ್ನುವ ಪ್ರಿಂಟರ್ ಕೂಡ ದಶಾಂಶದ ಬಾಲ ಹಿಡಿದುಕೊಂಡು ಪಟ್ಟಿಯಲ್ಲಿ ಜೀವಂತ!

ಲೆಕ್ಕಕ್ಕೆ ಇದು ಸರಿ. ಆದರೆ ಬೆಲೆ ಇಳಿಯುವುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಸವೆತದಿಂದಲೇ ಇಳಿಯಬೇಕೆಂದೂ ಇಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಒಂದೆರಡು ಅಕ್ಷರ ಅಳಿಸಿವೆ, ಮುಚ್ಚಳ ತೆರೆದರೆ ಕಿರ್ ಅನ್ನುತ್ತದೆ, ಅಷ್ಟೇ. ಕೆಲಸ ಮೊದಲಿನಂತೆಯೇ. ಆದರೆ ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದು ನಿಂತ ಮೇಲೆ ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ.

ಇದಕ್ಕಿಂತ ದೊಡ್ಡ ಕುಸಿತ ಅಲ್ಯೂಮಿನಿಯಂನದು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಲು ಆರಿಸಿದ್ದು ಈ ಲೋಹವನ್ನೇ, ಆಗ ಅದಕ್ಕೆ ಹೆಚ್ಚುಕಮ್ಮಿ ಬೆಳ್ಳಿಯ ಬೆಲೆ. ಎರಡೇ ವರ್ಷ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅದನ್ನು ವಿದ್ಯುತ್ತಿನಿಂದ ಅಗ್ಗವಾಗಿ ಬೇರ್ಪಡಿಸುವ ದಾರಿ ಕಂಡುಕೊಂಡರು. ತುದಿಯ ಲೋಹಕ್ಕೆ ಏನೂ ಆಗಿರಲಿಲ್ಲ, ಬೆಲೆ ಮಾತ್ರ ಪಾತಾಳಕ್ಕಿಳಿಯಿತು.

ಜೋಪಾನವಾಗಿ ಎತ್ತಿಟ್ಟರಾಯಿತು ಅನ್ನುವವರಿಗೆ ಒಂದು ಮಾತು: ಲಿಥಿಯಂ ಅಯಾನ್ ಬ್ಯಾಟರಿ ಬಳಸದಿದ್ದರೂ ಮುದಿಯಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಸೆಕೆಯಲ್ಲಿಟ್ಟರೆ ಇನ್ನೂ ಬೇಗ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅನುಮಾನದಿಂದ ಇಳಿಯುವ ಬೆಲೆ. ಹೊಸ ಕಾರು ನಾಲ್ಕು ದಿನ ಓಡಿ ಮಾರಾಟಕ್ಕೆ ಬಂದರೆ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಇಷ್ಟು ಬೇಗ ಯಾಕೆ ಮಾರುತ್ತಿದ್ದಾನೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ಪ್ರಬಂಧದಲ್ಲಿ ಇದನ್ನೇ ಹಿಡಿದು ಬಿಡಿಸಿದರು. ಗಾಡಿಯ ಒಳಗುಟ್ಟು ಮಾರುವವನಿಗೆ ಮಾತ್ರ ಗೊತ್ತು. ಕೊಳ್ಳುವವನು ಎಲ್ಲದಕ್ಕೂ ಸರಾಸರಿ ಬೆಲೆಯನ್ನೇ ಕೇಳುತ್ತಾನೆ. ಒಳ್ಳೆಯ ಗಾಡಿ ಇರುವವನು ಆ ಬೆಲೆಗೆ ಕೊಡಲೊಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಉಳಿಯುವುದು ಡಕೋಟಾಗಳು, ಬೆಲೆ ಇನ್ನಷ್ಟು ಕೆಳಗೆ. 2001ರಲ್ಲಿ ಅವರಿಗೆ ನೊಬೆಲ್ ಬಂತು, ಇನ್ನಿಬ್ಬರ ಜೊತೆ.

ಈ ಇಳಿಕೆಯನ್ನಾದರೂ ಒಂದಿಷ್ಟು ತಡೆಯಬಹುದು. ಹಳೆಯದನ್ನು ಕೊಳ್ಳುವಾಗ ಹೊಳಪಿಗಿಂತ ಮೊದಲು ನಾನು ಕೇಳುವುದು ಸರ್ವಿಸ್ ದಾಖಲೆ. ಬಿಲ್ಲು, ಡಬ್ಬಿ, ಕೊನೆಗೆ ಆ ಚಿಕ್ಕ ಕೈಪಿಡಿಯನ್ನೂ ಜೋಡಿಸಿಟ್ಟವರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ನನಗೇನೂ ಬೇಸರವಿಲ್ಲ.