ಒಂದೇ ಹೊಲಿಗೆ, ಎರಡು ಹೆಸರು: ಕ್ರೋಶಾ ಕಲಿಯಲು ಪಾಠ ಆರಿಸುವ ಬಗೆ

ಜನವರಿ 18, 2025, ಶನಿವಾರ

ಸಂಕ್ರಾಂತಿ ಕಳೆದರೂ ಬೆಳಗಿನ ಚಳಿ ಇಳಿದಿಲ್ಲ. ಉಲನ್ ದಾರದ ಉಂಡೆ ಕೈಗೆತ್ತಿಕೊಳ್ಳಲು ಒಳ್ಳೆಯ ಕಾಲ. ಕ್ರೋಶಾ, ಅಂದರೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವುದು. ಅದನ್ನು ಕಲಿಸುವ ವಿಡಿಯೋಗಳಿಗೂ ಪ್ಯಾಟರ್ನ್‌ಗಳಿಗೂ (ಸಾಲುಸಾಲಾಗಿ ಹೆಣೆಯುವ ಸೂಚನೆಗಳಿಗೂ) ಕೊರತೆಯಿಲ್ಲ. ಆದರೂ ಹೊಸಬರು ಎರಡನೇ ವಾರಕ್ಕೇ ಕೈಬಿಡುತ್ತಾರೆ. ಬೆರಳು ಬಗ್ಗಲಿಲ್ಲ ಅಂತಲ್ಲ; ಪಾಠ ಹೇಳುವ ಲೆಕ್ಕ ಒಂದು, ಕೈಯಲ್ಲಿರುವ ಕಡ್ಡಿ ಮತ್ತು ದಾರದ ಲೆಕ್ಕ ಇನ್ನೊಂದು ಆಗಿರುತ್ತದೆ. ಇವತ್ತಿನ ಪುಟ ಅದಕ್ಕೇ.

ಮೊದಲ ತೊಡಕು ಹೆಸರಿನದು. ಅಮೆರಿಕದವರು 'ಸಿಂಗಲ್ ಕ್ರೋಶೆ' ಎನ್ನುವ ಹೊಲಿಗೆ ಬ್ರಿಟನ್ನಿನವರಿಗೆ 'ಡಬಲ್ ಕ್ರೋಶೆ'. ಅಮೆರಿಕದ 'ಡಬಲ್' ಬ್ರಿಟನ್ನಿನಲ್ಲಿ 'ಟ್ರೆಬಲ್'. ಚೈನ್ (ಸರಪಳಿ ಕುಣಿಕೆ) ಮತ್ತು ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ, ಜೋಡಿಸುವ ಹೊಲಿಗೆ) ಮಾತ್ರ ಎರಡೂ ಕಡೆ ಒಂದೇ. ಅಮೆರಿಕದ ಡಬಲ್‌ನ ಎತ್ತರ ಅವರ ಸಿಂಗಲ್‌ನ ಸುಮಾರು ಎರಡರಷ್ಟು. ಹಾಗಾಗಿ ಬ್ರಿಟಿಷ್ ಪ್ಯಾಟರ್ನನ್ನು ಅಮೆರಿಕದ ಲೆಕ್ಕದಲ್ಲಿ ಓದಿ ಹೆಣೆದರೆ ಕೂಸಿನ ಕುಲಾವಿ ಉದ್ದುದ್ದ ಬೆಳೆಯುತ್ತದೆ, ನಡುವೆ ಕಿಂಡಿ ಬೀಳುತ್ತದೆ. ಪತ್ತೆ ಹಚ್ಚುವುದು ಸುಲಭ: 'ಸಿಂಗಲ್ ಕ್ರೋಶೆ' ಎಂಬ ಮಾತು ಎಲ್ಲಾದರೂ ಬಂದರೆ ಅದು ಅಮೆರಿಕದ ಲೆಕ್ಕ, ಏಕೆಂದರೆ ಬ್ರಿಟಿಷ್ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಬೆಳಗಾವಿ ಕಡೆಯವರಿಗೆ ಮರಾಠಿ ವಿಡಿಯೋಗಳೂ ಅರ್ಥವಾಗುತ್ತವೆ. ಅಲ್ಲಿ 'ಸಾಖಳಿ' ಅಂದರೆ ಚೈನ್, 'ಮುಕಾ ಖಾಂಬ' ಅಂದರೆ ಅಮೆರಿಕದ ಸಿಂಗಲ್, 'ಖಾಂಬ' ಅಂದರೆ ಅಮೆರಿಕದ ಡಬಲ್. ಮುಂದೆ ಇಲ್ಲಿ ಬರೆದಿರುವುದೆಲ್ಲ ಅಮೆರಿಕದ ಹೆಸರಿನಲ್ಲೇ.

ಕಡ್ಡಿಯ ನಂಬರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಅಮೆರಿಕದ 'ಎಚ್-8' ಅಂದರೆ 5 ಮಿ.ಮೀ., ಹಳೆಯ ಬ್ರಿಟಿಷ್ 8 ಅಂದರೆ 4 ಮಿ.ಮೀ. ತೆಳು ನೂಲಿಗೆ ಬಳಸುವ ಸ್ಟೀಲ್ ಕಡ್ಡಿಗಳಲ್ಲಂತೂ ನಂಬರು ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಆದ್ದರಿಂದ ಮಿಲಿಮೀಟರ್ ಕೆತ್ತಿರುವ ಕಡ್ಡಿಯನ್ನೇ ಕೊಳ್ಳಿ, ಪಾಠದಲ್ಲೂ ಮಿಲಿಮೀಟರನ್ನೇ ಹುಡುಕಿ.

ಇನ್ನು ದಾರ. ನಮ್ಮ ಅಂಗಡಿಯ ಉಂಡೆಯ ಮೇಲೆ '4 ಪ್ಲೈ' ಎಂದಿರುತ್ತದೆ, ಅಮೆರಿಕದ ಪ್ಯಾಟರ್ನಿನಲ್ಲಿ 'ವೇಟ್ 4' ಎಂದಿರುತ್ತದೆ. ಎರಡೂ ಒಂದೇ ಎಂದುಕೊಂಡರೆ ಕೆಟ್ಟಿತು. ಪ್ಲೈ ಅಂದರೆ ಎಷ್ಟು ಎಳೆ ಹುರಿ ಮಾಡಿದ್ದಾರೆ ಎಂಬ ಲೆಕ್ಕ. ವೇಟ್ ಅಂದರೆ ದಾರದ ದಪ್ಪ. ಅನುಮಾನವಿದ್ದರೆ ದಾರವನ್ನು ಸ್ಕೇಲಿಗೆ ಎಳೆಯದೆ, ಸಡಿಲವೂ ಬಿಡದೆ ಪಕ್ಕಪಕ್ಕಕ್ಕೆ ಸುತ್ತಿ. ಒಂದು ಇಂಚಿಗೆ ಸುಮಾರು 10 ಸುತ್ತು ಬಂದರೆ ವೇಟ್ 4ರ ಆಸುಪಾಸು. 12 ದಾಟಿದರೆ ತೆಳುವಿನದು, 4 ಮಿ.ಮೀ. ಕಡ್ಡಿ ಹಿಡಿಯಬಹುದು. ಮೊದಲ ಉಂಡೆ ತಿಳಿ ಬಣ್ಣದ್ದು, ನುಣುಪಾದ ಅಕ್ರಿಲಿಕ್ ಇರಲಿ. ಕಪ್ಪು ಮತ್ತು ಗಾಢ ನೀಲಿಯಲ್ಲಿ ಕುಣಿಕೆ ಕಾಣುವುದಿಲ್ಲ. ಜುಂಗು ಇರುವ ದಾರದಲ್ಲಿ ಕಾಣುವುದೂ ಇಲ್ಲ, ಬಿಚ್ಚಲೂ ಆಗುವುದಿಲ್ಲ.

ಇಂಗ್ಲಿಷ್ ಓದಿ ಸುಸ್ತಾಗುವವರು ಮೊದಲು ಕಲಿಯಬೇಕಾದದ್ದು ಚಿಹ್ನೆಗಳ ನಕ್ಷೆ. ಇದಕ್ಕೆ ಭಾಷೆಯ ಹಂಗಿಲ್ಲ. ಜಪಾನಿ ಪುಸ್ತಕಗಳಲ್ಲಿ ಬಹುಪಾಲು ನಕ್ಷೆಯೇ ಇರುತ್ತದೆ, ಒಂದಕ್ಷರ ಜಪಾನಿ ಬಾರದಿದ್ದರೂ ಹೆಣೆಯಬಹುದು. ಮೊಟ್ಟೆಯಾಕಾರ ಅಂದರೆ ಚೈನ್. ತುಂಬಿದ ಚುಕ್ಕಿ ಅಂದರೆ ಸ್ಲಿಪ್ ಸ್ಟಿಚ್. ಗುಣಾಕಾರದ ಇಲ್ಲವೇ ಕೂಡುವ ಗುರುತು ಸಿಂಗಲ್. ಇಂಗ್ಲಿಷಿನ 'ಟಿ' ಅಕ್ಷರದಂತಿರುವುದು ಹಾಫ್ ಡಬಲ್. ಅದರ ಕಂಬಕ್ಕೆ ಒಂದು ಅಡ್ಡಗೆರೆ ಬಿದ್ದರೆ ಡಬಲ್, ಎರಡು ಬಿದ್ದರೆ ಟ್ರೆಬಲ್. ಕಡ್ಡಿ ಚುಚ್ಚುವ ಮೊದಲು ದಾರವನ್ನು ಎಷ್ಟು ಸಲ ಸುತ್ತಬೇಕು ಎಂಬುದನ್ನೇ ಆ ಗೆರೆಗಳು ಹೇಳುತ್ತವೆ. ಹಾಫ್ ಡಬಲ್ ಮಾತ್ರ ಇದಕ್ಕೆ ಹೊರತು: ಗೆರೆ ಇಲ್ಲದಿದ್ದರೂ ಒಂದು ಸಲ ಸುತ್ತಬೇಕು. ಸಾಲಿನ ನಂಬರು ಯಾವ ಬದಿಯಲ್ಲಿದೆಯೋ ಆ ಬದಿಯಿಂದ ಓದಲು ಶುರು. ವೃತ್ತದ ನಕ್ಷೆಯನ್ನು ಬಲಗೈಯವರು ಗಡಿಯಾರದ ಮುಳ್ಳಿಗೆ ಎದುರಾಗಿ ಓದಬೇಕು.

ಪಾಠ ಒಳ್ಳೆಯದೋ ಅಲ್ಲವೋ ಅಳೆಯಲು ಒಂದು ಪ್ರಶ್ನೆ ಸಾಕು: ಪ್ರತಿ ಸಾಲಿನ ಕೊನೆಗೆ ಎಷ್ಟು ಹೊಲಿಗೆ ಇರಬೇಕು ಎಂದು ಹೇಳುತ್ತದೆಯೇ? ಹೇಳದ ಪಾಠವನ್ನು ಹೊಸಬರು ಬಿಟ್ಟುಬಿಡುವುದೇ ಸರಿ. ಚೌಕ ಹೆಣೆಯಹೋಗಿ ತ್ರಿಕೋನವಾಗುವುದು ಈ ಎಣಿಕೆ ತಪ್ಪಿಯೇ.

20 ಸಿಂಗಲ್‌ಗೆ 21 ಚೈನ್ ಹಾಕಿ. ಕಡ್ಡಿಯ ಮೇಲಿರುವ ಕುಣಿಕೆ ಲೆಕ್ಕಕ್ಕಿಲ್ಲ. ಕಡ್ಡಿಯಿಂದ ಎರಡನೇ ಚೈನಿಗೆ ಮೊದಲ ಹೊಲಿಗೆ. ಸಾಲು ಮುಗಿದ ಮೇಲೆ 1 ಚೈನ್ ಹಾಕಿ ತಿರುಗಿಸಿ, ಅದನ್ನು ಎಣಿಸಬೇಡಿ. ಡಬಲ್‌ನ ಕಥೆ ಬೇರೆ. 20 ಹೊಲಿಗೆಗೆ 22 ಚೈನ್, ಮೊದಲ ಡಬಲ್ ನಾಲ್ಕನೆಯದಕ್ಕೆ, ಬಿಟ್ಟ ಮೂರು ಚೈನ್ ಸೇರಿ ಒಂದು ಹೊಲಿಗೆ. ಮುಂದಿನ ಸಾಲಿಗೆ ತಿರುಗುವಾಗಲೂ 3 ಚೈನ್ ಒಂದು ಹೊಲಿಗೆಯ ಲೆಕ್ಕವೇ. ಆದ್ದರಿಂದ ಅದರ ಬುಡದ ಹೊಲಿಗೆಯನ್ನು ಬಿಟ್ಟು ಎರಡನೆಯದಕ್ಕೆ ಚುಚ್ಚಬೇಕು. ಸಾಲಿನ ಕೊನೆಯ ಹೊಲಿಗೆ ಹಿಂದಿನ ಸಾಲಿನ ಆ ಮೂರು ಚೈನಿನ ತಲೆಗೆ ಬೀಳಬೇಕು. ಬುಡಕ್ಕೂ ಚುಚ್ಚಿದರೆ ಸಾಲಿಗೊಂದು ಹೆಚ್ಚುತ್ತದೆ, ತಲೆ ಮರೆತರೆ ಸಾಲಿಗೊಂದು ಕಡಿಮೆಯಾಗುತ್ತದೆ. ಮೊದಲ ಮತ್ತು ಕೊನೆಯ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡೋ ಸೇಫ್ಟಿ ಪಿನ್ನೋ ಸಿಕ್ಕಿಸಿದರೆ ಈ ಎರಡೂ ತಪ್ಪು ಆಗುವುದಿಲ್ಲ. ಕೆಳ ಅಂಚು ಬಿಲ್ಲಿನಂತೆ ಬಾಗಿದರೆ ಚೈನ್ ಬಿಗಿಯಾಗಿದೆ ಎಂದರ್ಥ. ಚೈನಿಗಷ್ಟೇ ಅರ್ಧ ಮಿ.ಮೀ. ದಪ್ಪ ಕಡ್ಡಿ ಬಳಸಿ.

ಸಿಂಗಲ್‌ನಲ್ಲಿ ವೃತ್ತ ಹೆಣೆಯುವಾಗ 6, 12, 18, 24 ಎಂದು ಸುತ್ತಿಗೆ ಆರರಂತೆ ಹೆಚ್ಚಬೇಕು. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ನಿರಿಗೆಗಟ್ಟುತ್ತದೆ. ವೃತ್ತ ಶುರುಮಾಡುವ ಬಿಗಿಯುವ ಕುಣಿಕೆ, ಅಂದರೆ ಮ್ಯಾಜಿಕ್ ರಿಂಗ್, ಜಾರಿಹೋಗುತ್ತಿದ್ದರೆ 2 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯದಕ್ಕೇ ಆರೂ ಹೊಲಿಗೆ ಹಾಕಿ.

ಎಲ್ಲಿ ಹುಡುಕುವುದು? ಸಂಕ್ಷೇಪಾಕ್ಷರ, ದಾರದ ದಪ್ಪ, ಕಡ್ಡಿಯ ಅಳತೆಯ ಪಟ್ಟಿಗಳಿಗೆ ಕ್ರಾಫ್ಟ್ ಯಾರ್ನ್ ಕೌನ್ಸಿಲ್‌ನ ತಾಣ, ಪುಕ್ಕಟೆ. ಪ್ಯಾಟರ್ನ್‌ಗೆ 2007ರಿಂದ ಇರುವ ರಾವೆಲ್ರಿ ತಾಣ. ಖಾತೆಗೆ ದುಡ್ಡಿಲ್ಲ, ಕ್ರೋಶೆ, ಉಚಿತ, ಸುಲಭ ಎಂದು ಸೋಸಿ ನೋಡಬಹುದು. ಅಲ್ಲಿ ಬಲು ಉಪಯೋಗದ ಸಂಗತಿ ಬೇರೆಯವರು ಹೆಣೆದು ಹಾಕಿದ ಫೋಟೋಗಳು. ಒಬ್ಬರೂ ಹೆಣೆಯದ ಪ್ಯಾಟರ್ನಿಗೆ ದುಡ್ಡು ಕೊಡಬೇಡಿ. ಈಗೀಗ ಕಂಪ್ಯೂಟರ್ ಸೃಷ್ಟಿಸಿದ ಗೊಂಬೆಯ ಚಿತ್ರ ತೋರಿಸಿ ಪ್ಯಾಟರ್ನ್ ಮಾರುವುದು ನಡೆಯುತ್ತಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ: ಹೊಲಿಗೆಗಳು ಸಾಲುಗಟ್ಟದೆ ಒಂದರೊಳಗೊಂದು ಕರಗಿಹೋಗಿದ್ದರೆ ಅದು ಹೆಣೆದದ್ದಲ್ಲ. ಹಳೆಯ ಲೇಸ್ ಇಷ್ಟಪಡುವವರಿಗೆ ಆಂಟೀಕ್ ಪ್ಯಾಟರ್ನ್ ಲೈಬ್ರರಿ ಎಂಬ ತಾಣವಿದೆ, ಆದರೆ ಹೊಸಬರಿಗೆ ಅದು ಕಷ್ಟ.

ವಿಡಿಯೋ ನೋಡುವಾಗ ವೇಗವನ್ನು 0.5ಕ್ಕೆ ಇಳಿಸಿ. ಕಡ್ಡಿ ಹೊಲಿಗೆಯ ತಲೆಯ ಎರಡೂ ಎಳೆಗಳ ಕೆಳಗೆ ಹೋಗುತ್ತಿದೆಯೋ, ಒಂದರ ಕೆಳಗೋ ಎಂಬುದು ಸ್ಪಷ್ಟ ಕಾಣಬೇಕು; ಕಾಣದಿದ್ದರೆ ಬೇರೆ ವಿಡಿಯೋ ಹುಡುಕಿ. ಎಡಗೈಯವರು ಎಡಗೈ ಪಾಠವನ್ನೇ ಹುಡುಕಲಿ. ಸಿಗದಿದ್ದರೆ ಫೋನನ್ನು ಕನ್ನಡಿಯೆದುರು ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೂ ಆಗುತ್ತದೆ.