ಬಾಸ್ಕೆಟ್‌ಬಾಲ್ ಶೂ ಮೊದಲು ಸವೆಯುವುದು ಒಳಗಡೆ

ನಾನು ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಶೂ ರಿಪೇರಿ ಮಾಡುತ್ತೇನೆ. ಸುತ್ತಮುತ್ತ ಕಾಲೇಜುಗಳೂ ಕೋರ್ಟುಗಳೂ ಇರುವುದರಿಂದ ಬಾಸ್ಕೆಟ್‌ಬಾಲ್ ಶೂಗಳೇ ಜಾಸ್ತಿ ಬರುತ್ತವೆ. ಹೊಸ ಶೂ ಹಾಕಿಕೊಂಡಾಗ ಹೇಗಿತ್ತು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಸೀಸನ್ ಆಡಿದ ಮೇಲೆ ಅದರ ಒಳಗೆ ಏನಾಗಿರುತ್ತದೆ ಅನ್ನುವುದು ಬಿಚ್ಚಿ ನೋಡುವವರಿಗೆ ಗೊತ್ತು. ಹಾಗೆ ಬಿಚ್ಚಿ ಬಿಚ್ಚಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಅಂಗಡಿಯಲ್ಲಿ ಸಿಗುವ ಮೆತ್ತನೆಯ ಸುಖ ಬೇಗ ಮುಗಿದುಹೋಗುತ್ತದೆ. ಕಾಲನ್ನು ಅಲುಗಾಡದಂತೆ ಹಿಡಿದುಕೊಳ್ಳುವ ಶೂ ಮಾತ್ರ ಕೊನೆಯವರೆಗೂ ಹಿತವಾಗಿರುತ್ತದೆ, ಬಾಳಿಕೆಯೂ ಅದಕ್ಕೇ ಜಾಸ್ತಿ.

ಹುಡುಗರು ಶೂ ತಂದ ಕೂಡಲೇ ತಿರುಗಿಸಿ ಸೋಲ್ ತೋರಿಸುತ್ತಾರೆ. "ಅಣ್ಣ, ಗ್ರಿಪ್ ಚೆನ್ನಾಗೇ ಇದೆ, ಆದ್ರೂ ಆಟ ಮುಗಿದ್ಮೇಲೆ ಕಾಲು ನೋಯುತ್ತೆ" ಅನ್ನುತ್ತಾರೆ. ನಾನು ಮೊದಲು ಬೆರಳು ಹಾಕುವುದು ಹಿಮ್ಮಡಿಯ ಒಳಭಾಗಕ್ಕೆ. ಅಲ್ಲಿ ಬಟ್ಟೆ ಹರಿದು ಸ್ಪಂಜ್ ಹೊರಗೆ ಬಂದಿದ್ದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆ ಕೆಳಗೆ ಜಾರಿ, ಬಟ್ಟೆಯನ್ನು ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ತಿಂದುಬಿಟ್ಟಿರುತ್ತದೆ. ಆಮೇಲೆ ಒಳಗಿನ ಗಟ್ಟಿ ಪಟ್ಟಿಯೇ ನೇರವಾಗಿ ಕಾಲಿಗೆ ತಾಗುತ್ತದೆ, ಬೊಬ್ಬೆ ಏಳುತ್ತದೆ. ಲೇಸ್ ಬಿಚ್ಚದೆ ಹಿಂಭಾಗವನ್ನು ಮೆಟ್ಟಿಕೊಂಡು ಕಾಲು ತೂರಿಸುವ ಅಭ್ಯಾಸ ಇದ್ದರಂತೂ ಆ ಪಟ್ಟಿಯೂ ಮುರಿದಿರುತ್ತದೆ. ಹೊಸ ಬಟ್ಟೆ ಹಾಕಿ ಹೊಲಿಯಬಹುದು. ಮುರಿದ ಪಟ್ಟಿಯನ್ನು ಮಾತ್ರ ಮೊದಲಿನ ಹಾಗೆ ಮಾಡುವುದು ಬಹಳ ಕಷ್ಟ. ಲೇಸ್ ಪೂರ್ತಿ ಸಡಿಲ ಮಾಡಿ ಹಾಕಿ, ಸಡಿಲ ಮಾಡಿಯೇ ಬಿಚ್ಚಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೇಳಿದವರ ಶೂ ನಿಜವಾಗಿಯೂ ಜಾಸ್ತಿ ದಿನ ಬಂದಿದೆ.

ಹಿಮ್ಮಡಿ ಯಾಕೆ ಜಾರುತ್ತದೆ? ಬಹಳಷ್ಟು ಸಲ ಸೈಜ್ ದೊಡ್ಡದಾಗಿರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಮುಂಪಾದ ಅಗಲ ಇರುವವರು ತುಂಬಾ ಜನ. ಅಗಲ ಸಾಲದು ಅಂತ ಒಂದು ಸೈಜ್ ಮೇಲೆ ಹೋಗುತ್ತಾರೆ. ಆಗ ಅಗಲ ಸ್ವಲ್ಪ ಸಿಗುತ್ತದೆ, ಉದ್ದ ಮಾತ್ರ ಬೇಡದಷ್ಟು ಬರುತ್ತದೆ. ಶೂ ಮಡಚಬೇಕಾದ ಜಾಗ ಒಂದು ಕಡೆ, ಬೆರಳು ಮಡಚುವ ಜಾಗ ಇನ್ನೊಂದು ಕಡೆ ಆಗಿಬಿಡುತ್ತದೆ. ಅದರಿಂದ ಮೇಲಿನ ಬಟ್ಟೆ ತಪ್ಪು ಜಾಗದಲ್ಲಿ ಮಡಿಕೆ ಬಿದ್ದು ಬೇಗ ಸೀಳುತ್ತದೆ. ಕೆಲವು ಮಾದರಿಗಳು ಅದೇ ಸೈಜಿನಲ್ಲೇ ಅಗಲವಾಗಿಯೂ ಸಿಗುತ್ತವೆ, ಅದನ್ನೇ ಕೇಳಿ ತೆಗೆದುಕೊಳ್ಳಬೇಕು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಆಟಕ್ಕೆ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡೇ ಹೋಗಿ. ಸುಮ್ನೆ ನಿಂತು ನೋಡಿದರೆ ಸಾಲದು. ಓಡಿ ತಟ್ಟನೆ ನಿಲ್ಲಿ, ಪಕ್ಕಕ್ಕೆ ಜಿಗಿಯಿರಿ. ಬೆರಳು ಮುಂದಕ್ಕೆ ಹೋಗಿ ಗುದ್ದಿದರೆ ಆ ಶೂ ಬೇಡ.

ಇನ್ನು ಮೆತ್ತಗಿನ ವಿಷಯ. ಸೋಲಿಗೂ ಪಾದಕ್ಕೂ ನಡುವೆ ಇರುವುದು ಮಿಡ್‌ಸೋಲ್. ಹೆಚ್ಚಿನವುಗಳಲ್ಲಿ ಅದು ಇವಿಎ ಅನ್ನುವ ಫೋಮ್. ಅದರ ತುಂಬಾ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳು. ರೀಬೌಂಡ್, ಅಂದ್ರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಜಿಗಿದು ಹಿಡಿದು ಕೆಳಗೆ ಬಂದಾಗ ಪಾದದ ಮೇಲೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ಪ್ರತಿ ಸಲ ಕೋಶಗಳು ಅಮುಕಿ ಮತ್ತೆ ಎದ್ದು ನಿಲ್ಲಬೇಕು. ದಿನಾ ಆಡುತ್ತಾ ಹೋದ ಹಾಗೆ ಎದ್ದು ನಿಲ್ಲುವುದು ಕಡಿಮೆಯಾಗುತ್ತದೆ. ಹೊರಗಿನಿಂದ ನೋಡಿದರೆ ಮಿಡ್‌ಸೋಲ್ ಪಕ್ಕದಲ್ಲಿ ಅಡ್ಡಡ್ಡ ಸುಕ್ಕು ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕಲ್ಲಿನ ಹಾಗೆ ಇರುತ್ತದೆ. ಸೋಲಿನಲ್ಲಿ ಎಷ್ಟೇ ಗ್ರಿಪ್ ಇದ್ದರೂ ಆ ಶೂ ಆಟಕ್ಕೆ ಮುಗಿದಂತೆಯೇ. ಹೊಸ ಇನ್ಸೋಲ್ (ಪಾದದ ಕೆಳಗೆ ಹಾಸುವ ಒಳಪದರ) ಹಾಕಿದರೆ ನಡೆಯಲು ಆರಾಮ ಆಗಬಹುದು, ಜಿಗಿಯಲು ಆಗುವುದಿಲ್ಲ. ಈ ಮಾತನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ, ಯಾಕಂದ್ರೆ ಆ ಹುಡುಗ ಅಥವಾ ಹುಡುಗಿ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಕೊಂಡಿರುತ್ತಾರೆ. ದಿನಾ ಆಡುವವರು ಎರಡು ಜೊತೆ ಇಟ್ಟುಕೊಂಡು ಬದಲಾಯಿಸುತ್ತಿದ್ದರೆ ಫೋಮಿಗೆ ಏಳಲು ಸಮಯ ಸಿಗುತ್ತದೆ, ಒಳಗಿನ ಬೆವರೂ ಆರುತ್ತದೆ.

ಬರೀ ಗಟ್ಟಿಯಾಗಿದ್ದರೆ ಸಾಕು ಅನ್ನುತ್ತಿಲ್ಲ. ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಅನ್ನುವ ಬಾಸ್ಕೆಟ್‌ಬಾಲ್ ಶೂ ಬಂದದ್ದು 1917ರಲ್ಲಿ. ಕ್ಯಾನ್ವಾಸ್ ಬಟ್ಟೆಗೆ ರಬ್ಬರನ್ನು ಬಿಸಿಯಲ್ಲಿ ಬೆಸೆದದ್ದು. ಆ ಬೆಸುಗೆ ಸುಲಭಕ್ಕೆ ಬಿಡುವುದಿಲ್ಲ, ಅಮೆರಿಕದ ದೊಡ್ಡ ಆಟಗಾರರೆಲ್ಲ ದಶಕಗಟ್ಟಲೆ ಅದರಲ್ಲೇ ಆಡಿದರು. ಆದರೆ ಈಗಿನ ಶೂನಲ್ಲಿ ಇರುವಂಥ ಕುಷನ್ ಅದರಲ್ಲಿ ಇರಲಿಲ್ಲ. 1969ರಲ್ಲಿ ಅಡಿಡಾಸ್ ಸೂಪರ್‌ಸ್ಟಾರ್ ಬಂತು. ಚರ್ಮದ ಮೇಲ್ಭಾಗ, ಬೆರಳಿನ ಮೇಲೆ ರಬ್ಬರ್ ಚಿಪ್ಪು, ಬಟ್ಟಲಿನಂಥ ಸೋಲ್, ಅದರ ಸುತ್ತ ಹೊಲಿಗೆ. ರಿಪೇರಿ ಮಾಡುವವನ ಕಣ್ಣಿಗೆ ಆ ಹೊಲಿಗೆ ತುಂಬಾ ಚೆಂದ. ಈಗಿನ ಹಗುರ ಶೂಗಳಲ್ಲಿ ಹೆಚ್ಚಿನವು ಬರೀ ಗಮ್ ಮೇಲೆ ನಿಂತಿವೆ.

ಗಮ್ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕಿಂತ ಪಕ್ಕಕ್ಕೆ ತಳ್ಳುವ ಬಲ ಎಷ್ಟಿರುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. 2019ರ ಫೆಬ್ರವರಿ 20ರಂದು ಅಮೆರಿಕದ ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪಂದ್ಯ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಡ್ಯೂಕ್ ತಂಡದ ಭಾರೀ ಮೈಕಟ್ಟಿನ ಆಟಗಾರ ಝಯಾನ್ ವಿಲಿಯಮ್ಸನ್ ತಿರುಗಲು ಕಾಲೂರಿದಾಗ ಎಡಗಾಲಿನ ಶೂ ಬಾಯಿ ಬಿಟ್ಟು ಪಾದ ಹೊರಗೆ ಬಂತು, ಮಂಡಿ ಉಳುಕಿತು. ನಮ್ಮ ಹುಡುಗರ ತೂಕ ಅಷ್ಟಿರುವುದಿಲ್ಲ. ಆದರೂ ಪಕ್ಕದಲ್ಲಿ ಒಂದು ಚೂರು ಬಿರುಕು ಬಿಟ್ಟಿದೆ ಅಂದ ಕೂಡಲೇ ತನ್ನಿ. ಬೀದಿಯಲ್ಲಿ ಸಿಗುವ ದಿಢೀರ್ ಅಂಟು ಮಾತ್ರ ಹಾಕಬೇಡಿ. ಅದು ಗಾಜಿನಂತೆ ಗಟ್ಟಿಯಾಗಿ, ಶೂ ಮಡಚಿದಾಗ ಒಡೆಯುತ್ತದೆ. ಆಮೇಲೆ ನಾನು ಅದನ್ನು ಕೆರೆದು ತೆಗೆಯಲು ಪಡುವ ಕಷ್ಟ ಅಂಟಿಸುವುದಕ್ಕಿಂತ ಜಾಸ್ತಿ. ಸರಿಯಾಗಿ ಮಾಡಬೇಕಂದ್ರೆ ಹಳೇ ಗಮ್ ತೆಗೆದು, ಒರಟು ಮಾಡಿ, ಗಮ್ ಹಿಡಿಯಲು ಮೊದಲು ಹಚ್ಚುವ ಪ್ರೈಮರ್ ಹಚ್ಚಿ, ಎರಡೂ ಕಡೆ ಪಿಯು (ಪಾಲಿಯುರಿಥೇನ್) ಗಮ್ ಹಾಕಿ ಆರಿಸಿ, ಬಿಸಿ ಮಾಡಿ ಒತ್ತಬೇಕು. ಒಂದು ದಿನ ಮುಟ್ಟಬಾರದು. ಬಿಸಿಗೆ ಎದ್ದು ಹಿಡಿಯುವ ಗಮ್ ಬಿಸಿಗೇ ಬಿಡುತ್ತದೆ ಕೂಡ. ಅದಕ್ಕೇ ತೊಳೆದ ಶೂವನ್ನು ನೆರಳಲ್ಲಿ, ಒಳಗೆ ಪೇಪರ್ ತುರುಕಿ ಒಣಗಿಸಿ ಅನ್ನುವುದು. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಲೇಬೇಡಿ.

ಸೋಲ್ ಸವೆಯುವುದು ನೆಲದ ಮೇಲೆ ನಿಂತಿದೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತಲ್ಲ, ಅಂಥ ಕಡೆ ಮರದ ನೆಲ. ಮೆದು ರಬ್ಬರಿನ, ತೆಳು ಗೆರೆಯ ಸೋಲ್ ಅಲ್ಲಿಗೆ ಚೆನ್ನ. ಆದರೆ ನಮ್ಮ ಬಹುತೇಕ ಮಕ್ಕಳು ಆಡುವುದು ಸಿಮೆಂಟ್ ಕೋರ್ಟಿನಲ್ಲಿ. ಅದೇ ಸೋಲ್ ಇಲ್ಲಿ ಬೇಗ ಬೋಳಾಗುತ್ತದೆ. ಪಿವಟ್ ಕಾಲಿನ, ಅಂದ್ರೆ ಊರಿಕೊಂಡು ತಿರುಗುವ ಕಾಲಿನ, ಹೆಬ್ಬೆರಳ ಬುಡದಲ್ಲಿ ಗುಂಡಗೆ ಸವೆತ ಶುರುವಾಗುತ್ತದೆ. ಹೊರಗೆ ಆಡುವವರು ಗಟ್ಟಿ ರಬ್ಬರ್, ಆಳವಾದ ದಪ್ಪ ಗೆರೆ ನೋಡಿ ಕೊಳ್ಳಬೇಕು. ಉಗುರಿನಿಂದ ಗೆರೆ ಒತ್ತಿದರೆ ಸುಲಭವಾಗಿ ಬಾಗಬಾರದು. ಎಡಗಾಲಿನ ಶೂ ಮೇಲೆ, ಬೆರಳಿನ ಹತ್ತಿರ, ಕಪ್ಪು ಗೀರು ಮತ್ತು ತೂತು ಕಂಡರೆ ನಾನು ಕೇಳುವುದೇ ಬೇಡ. ಬೈಕಿನ ಗೇರ್ ಹಾಕಿದ ಗುರುತು ಅದು. ಕೋರ್ಟಿಗೆ ಚಪ್ಪಲಿಯಲ್ಲಿ ಹೋಗಿ, ಶೂ ಚೀಲದಲ್ಲಿ ಇರಲಿ.

ಅಪ್ಪ ಅಮ್ಮಂದಿರು ಕೇಳುವುದು ಕಣಕಾಲು ಮುಚ್ಚುವ ಎತ್ತರದ ಶೂ ಬೇಕಾ ಅಂತ. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 622 ಕಾಲೇಜು ಆಟಗಾರರನ್ನು ನೋಡಿತ್ತು. ಎತ್ತರದ ಶೂಗೂ ಗಿಡ್ಡ ಶೂಗೂ ಉಳುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಿಮ್ಮಡಿ ಹಿಡಿದಿದೆಯಾ, ಸೋಲ್ ಅಗಲವಾಗಿ ನೆಲಕ್ಕೆ ಕೂತಿದೆಯಾ ಅಂತ ನೋಡಿ ಸಾಕು.

ಆಟಗಾರ ಮೈಕಲ್ ಜೋರ್ಡನ್ ಹೆಸರಿನ ಹಳೇ ಶೂಗಳನ್ನು ಪೆಟ್ಟಿಗೆಯಲ್ಲೇ ಜೋಪಾನ ಮಾಡಿಟ್ಟು ತರುವವರೂ ಇದ್ದಾರೆ. ಆ ಮಿಡ್‌ಸೋಲ್ ಪಾಲಿಯುರಿಥೇನ್ ಆಗಿದ್ದರೆ ಗಾಳಿಯ ತೇವಕ್ಕೆ ವರ್ಷಗಳು ಕಳೆದಂತೆ ಒಳಗಿನಿಂದ ಪುಡಿಯಾಗುತ್ತದೆ. 1989ರ ಏರ್ ಜೋರ್ಡನ್ 4 ಕಥೆ ಇದೇ. ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಬೇಗ. ಆಡುವ ಶೂ ಆಡಲಿಕ್ಕೇ ಇರಲಿ.

ಅಕ್ಕನ ಶೂ ತಂಗಿಗೆ ಹಾಕಬಹುದಾ ಅನ್ನುವ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಎಲ್ಲರ ಮನೆಯಲ್ಲೂ ಹೊಸದು ಕೊಳ್ಳಲು ಆಗುವುದಿಲ್ಲ ಅಲ್ವಾ. ಹಾಗಾಗಿ ಸುಮ್ನೆ ಬೇಡ ಅನ್ನುವುದಿಲ್ಲ. ಶೂ ಎರಡನ್ನೂ ಸಮ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡುತ್ತೇನೆ. ಒಳಗೋ ಹೊರಗೋ ವಾಲಿದ್ದರೆ ಅಕ್ಕನ ಕಾಲಿನ ಭಾರಕ್ಕೆ ಫೋಮ್ ಒಂದು ಕಡೆ ಕುಸಿದಿದೆ ಅಂತ ಅರ್ಥ. ಅದರಲ್ಲಿ ತಂಗಿಯ ಕಾಲೂ ಅದೇ ಕಡೆ ವಾಲುತ್ತದೆ, ಅಂಥದ್ದನ್ನು ಆಟಕ್ಕೆ ಕೊಡಬೇಡಿ ಅನ್ನುತ್ತೇನೆ. ನೆಟ್ಟಗೆ ನಿಂತಿದೆ, ಮಿಡ್‌ಸೋಲ್ ಒತ್ತಿದರೆ ಏಳುತ್ತದೆ, ಹಿಮ್ಮಡಿ ಗಟ್ಟಿ ಇದೆ ಅಂದ್ರೆ ಇನ್ಸೋಲ್ ಹೊಸದು ಹಾಕಿ, ಲೇಸ್ ಬದಲಾಯಿಸಿ, ಪಕ್ಕದ ಗಮ್ ಒಮ್ಮೆ ನೋಡಿ ಕೊಡುತ್ತೇನೆ. ಸೈಜ್ ಮಾತ್ರ ತಂಗಿಯದೇ ಇರಬೇಕು. ಮುಂದೆ ಹತ್ತಿ ತುರುಕಿ ಆಡಿಸುವುದಕ್ಕೆ ನಾನು ಒಪ್ಪುವುದಿಲ್ಲ.